ಕೈಮೇಲಿನ ಹಠಾತ್ ಭಾರ ಮತ್ತು ಬೆನ್ನಿನ ರಕ್ಷಣೆ

ಮನುಷ್ಯನು ಭಾರವನ್ನು ಎತ್ತುವುದು ಕೈಯಿಂದ. ಆದರೆ ಆ ಭಾರವನ್ನು ತಾಳಿಕೊಳ್ಳುವುದು ಬೆನ್ನು. ನೀರು ತುಂಬಿದ ಬಕೆಟ್ಟು, ಲಾರಿಯಿಂದ ಇಳಿಸುವ ಮೂಟೆ, ಓಡಿಬಂದು ತೋಳಿಗೆ ಹಾರುವ ಮಗು, ಬ್ರೇಕ್ ಹಾಕಿದ ಬಸ್ಸಿನಲ್ಲಿ ಕೈಯನ್ನು ಜಗ್ಗುವ ಹಿಡಿಪಟ್ಟಿ, ಇವೆಲ್ಲವೂ ಮೊದಲು ಮುಟ್ಟುವುದು ಅಂಗೈಯನ್ನೇ ಆದರೂ ಅವುಗಳ ಎಳೆತವು ಭುಜದ ಮೂಲಕ ಕ್ಷಣಾರ್ಧದಲ್ಲಿ ಸೊಂಟವನ್ನು ತಲುಪುತ್ತದೆ. ಆ ಕ್ಷಣಾರ್ಧದಲ್ಲಿ ಮುಂಡದ, ಅಂದರೆ ಎದೆ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಏನು ಮಾಡುತ್ತವೆ ಎಂಬುದರ ಮೇಲೆ ಬೆನ್ನಿನ ಕ್ಷೇಮವು ಬಹುಮಟ್ಟಿಗೆ ಅವಲಂಬಿಸಿದೆ.

ಸೊಂಟನೋವು ಇಂದು ಜಗತ್ತಿನಾದ್ಯಂತ ಜನರ ದುಡಿಯುವ ಶಕ್ತಿಯನ್ನು ಕುಂದಿಸುತ್ತಿರುವ ತೊಂದರೆಗಳಲ್ಲಿ ಅಗ್ರಸ್ಥಾನದಲ್ಲಿದೆ. 2020ರಲ್ಲಿ ಸುಮಾರು 61.9 ಕೋಟಿ ಜನರು ಇದರಿಂದ ಬಳಲುತ್ತಿದ್ದರೆಂದು ಜಾಗತಿಕ ರೋಗಭಾರದ ಅಧ್ಯಯನವು ಅಂದಾಜು ಮಾಡಿದೆ. ಈ ನೋವಿಗೆ ಕಾರಣಗಳು ಅನೇಕ. ಭಾರವಾದ ವಸ್ತುಗಳನ್ನು ಎತ್ತುವುದೇ ಮುಖ್ಯ ಕಾರಣವೆಂಬುದು ಸಾಮಾನ್ಯ ನಂಬಿಕೆ. ಅದು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ವರ್ಷಗಟ್ಟಲೆ ಮೂಟೆ ಹೊತ್ತರೂ ಕುಗ್ಗದ ಬೆನ್ನು, ಹಗುರವಾದ ಪೆಟ್ಟಿಗೆಯೊಂದು ಕೈಜಾರಿದ ಗಳಿಗೆಯಲ್ಲಿ ಹಿಡಿದುಕೊಳ್ಳುವುದುಂಟು. ಭಾರ ಎಷ್ಟು ಎಂಬುದರಷ್ಟೇ, ಆ ಭಾರ ಬರುವುದು ಶರೀರಕ್ಕೆ ಮೊದಲೇ ತಿಳಿದಿತ್ತೇ ಎಂಬುದೂ ಮುಖ್ಯವಾಗಿದೆ. ಈ ಸಂಗತಿಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸ್ನಾಯುಗಳಿಲ್ಲದ ಬೆನ್ನುಮೂಳೆ

ಬೆನ್ನುಮೂಳೆಯು ಒಂದೇ ಕಂಬವಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಚಲಿಸಬಲ್ಲ 24 ಕಶೇರುಕಗಳನ್ನು ಒಂದರ ಮೇಲೊಂದು ಇರಿಸಿದಂತೆ ಅದರ ರಚನೆಯಿದೆ. ಅವುಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಸುತ್ತಲೂ ಮೂಳೆಗೆ ಮೂಳೆಯನ್ನು ಬಂಧಿಸುವ ಅಸ್ಥಿರಜ್ಜುಗಳಿವೆ. ಈ ಬಂಧನಗಳು ಮಾತ್ರವೇ ಇದ್ದು ಸ್ನಾಯುಗಳ ನೆರವಿಲ್ಲದಿದ್ದರೆ ಬೆನ್ನುಮೂಳೆ ಎಷ್ಟು ಭಾರವನ್ನು ತಡೆಯಬಲ್ಲದು? ಅಮೆರಿಕದ ವಿಜ್ಞಾನಿಗಳು 1961ರಲ್ಲಿ ಇದನ್ನು ಪರೀಕ್ಷಿಸಿದಾಗ, ಎದೆ ಮತ್ತು ಸೊಂಟದ ಭಾಗಗಳನ್ನೊಳಗೊಂಡ ಬೆನ್ನುಮೂಳೆಯು ಸುಮಾರು 2 ಕಿಲೋಗ್ರಾಂ ಭಾರಕ್ಕೇ ಬಾಗಿ ಕುಸಿಯಿತು. ಕೇವಲ ಸೊಂಟದ ಭಾಗವನ್ನು 1992ರಲ್ಲಿ ಪರೀಕ್ಷಿಸಿದಾಗ ಅದು ಸುಮಾರು 9 ಕಿಲೋಗ್ರಾಂವರೆಗೆ ಮಾತ್ರ ನೆಟ್ಟಗೆ ನಿಂತಿತು. ಆದರೆ 60 ಕಿಲೋಗ್ರಾಂ ತೂಗುವ ವ್ಯಕ್ತಿಯ ಸೊಂಟದಿಂದ ಮೇಲಿನ ದೇಹಭಾಗವೇ ಸುಮಾರು 30 ಕಿಲೋಗ್ರಾಂ ಇರುತ್ತದೆ. ಹೀಗಿರುವಾಗ ನಾವು ನೆಟ್ಟಗೆ ನಿಂತಿರುವುದೇ ಸ್ನಾಯುಗಳ ಕೃಪೆಯಿಂದ ಎಂದು ಹೇಳಬೇಕು.

ಈ ಸ್ನಾಯುಗಳನ್ನು ಡೇರೆಯ ನಡುಗಂಬವನ್ನು ನಾಲ್ಕು ಕಡೆಯಿಂದ ಬಿಗಿದು ನಿಲ್ಲಿಸುವ ಹಗ್ಗಗಳಿಗೆ ಹೋಲಿಸಬಹುದು. ಬೆನ್ನಿನ ಉದ್ದಕ್ಕೂ ಸಾಗುವ ದೊಡ್ಡ ಸ್ನಾಯುಗಳು ದೇಹವು ಮುಂದಕ್ಕೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುತ್ತವೆ. ಹೊಟ್ಟೆಯ ಮುಂಭಾಗದ ಹಾಗೂ ಪಕ್ಕೆಗಳ ಸ್ನಾಯುಗಳು ಅದಕ್ಕೆ ಎದುರಾಗಿ ನಿಲ್ಲುತ್ತವೆ. ಒಳಪದರದಲ್ಲಿ ಒಂದು ಕಶೇರುಕವನ್ನು ಇನ್ನೊಂದಕ್ಕೆ ಬಿಗಿಯುವ ಕಿರಿಯ ಸ್ನಾಯುಗಳಿವೆ. ಇವಲ್ಲದೆ ಹೊಟ್ಟೆಯನ್ನು ಅಡ್ಡಲಾಗಿ, ನಡುಕಟ್ಟಿನಂತೆ ಸುತ್ತುವರಿದ ಒಂದು ಸ್ನಾಯು ಅತ್ಯಂತ ಒಳಗಿದೆ. ಇದನ್ನು ಉದರದ ಅಡ್ಡಸ್ನಾಯು ಎನ್ನಬಹುದು. ಮೇಲೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಸುತ್ತಲೂ ಈ ಅಡ್ಡಸ್ನಾಯು ಒಟ್ಟಿಗೆ ಬಿಗಿದಾಗ ಹೊಟ್ಟೆಯ ಒಳಗಿನ ಒತ್ತಡವು ಏರುತ್ತದೆ. ಗಾಳಿ ತುಂಬಿದ ಚೆಂಡು ಗಡುಸಾಗುವಂತೆ ಇಡೀ ಮುಂಡವು ಗಟ್ಟಿಗೊಳ್ಳುತ್ತದೆ.

ತೋಳು ಚಾಚಿದಷ್ಟೂ ಹೆಚ್ಚುವ ಹೊರೆ

ಕೈಯಲ್ಲಿನ ಭಾರವು ಬೆನ್ನಿಗೆ ಅದೇ ಪ್ರಮಾಣದಲ್ಲಿ ತಲುಪುವುದಿಲ್ಲ. ಸನ್ನೆಕೋಲಿನ ನಿಯಮದಂತೆ ಹಲವು ಪಟ್ಟು ಹೆಚ್ಚಾಗಿ ತಲುಪುತ್ತದೆ. ಬೆನ್ನುಮೂಳೆಯನ್ನು ಸನ್ನೆಕೋಲಿನ ಆಧಾರವೆಂದು ಭಾವಿಸೋಣ. ಬೆನ್ನಿನ ಸ್ನಾಯುಗಳು ಆ ಆಧಾರದಿಂದ ಸುಮಾರು 5 ಸೆಂಟಿಮೀಟರು ಹಿಂದೆ ನಿಂತು ಎಳೆಯುತ್ತವೆ. 10 ಕಿಲೋಗ್ರಾಂ ತೂಕದ ವಸ್ತುವನ್ನು ಬೆನ್ನುಮೂಳೆಯಿಂದ 50 ಸೆಂಟಿಮೀಟರು ದೂರದಲ್ಲಿ, ತೋಳು ಚಾಚಿ ಹಿಡಿದರೆ, ಆ ವಸ್ತುವಿನ ಸಲುವಾಗಿಯೇ ಬೆನ್ನಿನ ಸ್ನಾಯುಗಳು ಸುಮಾರು 100 ಕಿಲೋಗ್ರಾಂ ಬಲದಿಂದ ಎಳೆಯಬೇಕಾಗುತ್ತದೆ. ಅದೇ ವಸ್ತುವನ್ನು ಹೊಟ್ಟೆಗೆ ಅವಚಿಕೊಂಡು ದೂರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ 40 ಕಿಲೋಗ್ರಾಂ ಬಲವು ಸಾಕಾಗುತ್ತದೆ.

ಇದು ನಿಶ್ಚಲವಾಗಿ ಹಿಡಿದ ಭಾರದ ಲೆಕ್ಕ. ಭಾರವು ಹಠಾತ್ತನೆ ಬಂದಾಗ ಇನ್ನೊಂದು ಅಂಶವು ಸೇರಿಕೊಳ್ಳುತ್ತದೆ. ತಕ್ಕಡಿಯ ಸ್ಪ್ರಿಂಗಿನ ಮೇಲೆ ತೂಕದ ಕಲ್ಲನ್ನು ಮೆಲ್ಲನೆ ಇರಿಸದೆ, ತಾಗಿಸಿ ಹಿಡಿದು ತಟ್ಟನೆ ಕೈಬಿಟ್ಟರೆ ಮುಳ್ಳು ಕ್ಷಣಕಾಲ ನಿಜವಾದ ತೂಕದ ಎರಡರಷ್ಟನ್ನು ತೋರಿಸಿ ಹಿಂದಿರುಗುತ್ತದೆ. ಮೇಲಿನಿಂದ ಬಿದ್ದ ಕಲ್ಲಾದರೆ ಇನ್ನೂ ಹೆಚ್ಚನ್ನು ತೋರಿಸುತ್ತದೆ. ಕೈಗೆ ಎಸೆದ ಮೂಟೆಗೂ ಮೆಲ್ಲನೆ ಇಳಿಸಿಕೊಟ್ಟ ಮೂಟೆಗೂ ಇರುವ ವ್ಯತ್ಯಾಸ ಇಂಥದೇ.

ಕೈಗಿಂತ ಮೊದಲು ಎಚ್ಚರಗೊಳ್ಳುವ ನಡು

ಶರೀರವು ತಾನಾಗಿಯೇ ಒಂದು ಚಲನೆಯನ್ನು ಕೈಗೊಳ್ಳುವಾಗ ಬಹು ಸೋಜಿಗದ ವ್ಯವಸ್ಥೆಯೊಂದು ಕಾಣಬರುತ್ತದೆ. 1967ರಲ್ಲಿ ಮಾಸ್ಕೋದ ವಿಜ್ಞಾನಿಗಳಾದ ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ಟ್ಸೆವ್ ಅವರು, ನಿಂತಿರುವ ವ್ಯಕ್ತಿಯು ಕೈಯನ್ನು ಬೇಗನೆ ಮೇಲೆತ್ತುವಾಗ ಸ್ನಾಯುಗಳಲ್ಲಿ ಉಂಟಾಗುವ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಕೈಯನ್ನೆತ್ತುವ ಭುಜದ ಸ್ನಾಯುವಿಗಿಂತ ಮೊದಲೇ ಕಾಲಿನ ಸ್ನಾಯುಗಳು ಕೆಲಸಕ್ಕೆ ತೊಡಗಿದ್ದವು! ಕೈ ಮುಂದಕ್ಕೆ ಹೋದರೆ ದೇಹದ ಸಮತೋಲ ತಪ್ಪಲಿದೆ ಎಂಬುದನ್ನು ನರಮಂಡಲವು ಮುಂಗಂಡು, ಆ ತಪ್ಪುವಿಕೆಗೆ ಬೇಕಾದ ಪರಿಹಾರವನ್ನು ಮೊದಲೇ ಜಾರಿಗೆ ತಂದಿತ್ತು.

ಮುಂಡದ ಸ್ನಾಯುಗಳಿಗೂ ಈ ಮಾತು ಅನ್ವಯಿಸುತ್ತದೆ ಎಂಬುದು ನಂತರದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಹಾಜಸ್ ಮತ್ತು ರಿಚರ್ಡ್‌ಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನುನೋವಿಲ್ಲದವರು ಕೈಯನ್ನು ಚುರುಕಾಗಿ ಎತ್ತುವಾಗ ಉದರದ ಅಡ್ಡಸ್ನಾಯುವು ಭುಜದ ಸ್ನಾಯುವಿಗಿಂತ ಮುಂಚಿತವಾಗಿ ಬಿಗಿಯುವುದು ಕಂಡುಬಂದಿತು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯೂ ಹೀಗೆಯೇ ಮುಂಚಿತವಾಗಿ ಬಿಗಿಯುತ್ತದೆಂಬುದು 1997ರಲ್ಲಿ ತಿಳಿದುಬಂದಿತು. ಯಜಮಾನನು ಮನೆಯಿಂದ ಹೊರಡುವ ಮುನ್ನವೇ ದಾರಿಯನ್ನು ಹಸನುಗೊಳಿಸುವ ಆಳುಗಳಂತೆ ಇವು ಕೆಲಸ ಮಾಡುತ್ತವೆ.

ಈ ಮುನ್ನೆಚ್ಚರಿಕೆಯನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮೊಣಕೈಯನ್ನು ಮಡಿಸಿ, ಅಂಗೈಯನ್ನು ಮೇಲ್ಮುಖವಾಗಿ ಹಿಡಿದು, ಅದರ ಮೇಲೆ ದಪ್ಪನಾದ ಪುಸ್ತಕವೊಂದನ್ನು ಇರಿಸಿಕೊಳ್ಳಬೇಕು. ಕಣ್ಣು ಮುಚ್ಚಿಕೊಂಡಾಗ ಬೇರೊಬ್ಬರು ಸೂಚನೆಯಿಲ್ಲದೆ ಆ ಪುಸ್ತಕವನ್ನು ತೆಗೆದುಕೊಂಡರೆ ಕೈಯು ಥಟ್ಟನೆ ಮೇಲಕ್ಕೆ ನೆಗೆಯುತ್ತದೆ. ಆದರೆ ಅದೇ ಪುಸ್ತಕವನ್ನು ತಾವೇ ಇನ್ನೊಂದು ಕೈಯಿಂದ ತೆಗೆದರೆ ಮೊದಲ ಕೈಯು ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಏಕೆಂದರೆ ಪುಸ್ತಕವನ್ನು ತೆಗೆಯುವ ಆಜ್ಞೆಯೊಂದಿಗೇ ಭಾರ ಹೊತ್ತ ಕೈಯ ಬಿಗಿಯನ್ನು ಸಡಿಲಿಸುವ ಆಜ್ಞೆಯನ್ನೂ ಮಿದುಳು ಕಳುಹಿಸಿರುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ಬಗೆಯ ಪ್ರಯೋಗವು ಹೋಟೆಲಿನ ಮಾಣಿಯು ತನ್ನ ಅಂಗೈಯ ಮೇಲಿನ ತಟ್ಟೆಯಿಂದ ಲೋಟವನ್ನು ತಾನೇ ಎತ್ತಿಕೊಡುವ ರೀತಿಯನ್ನು ನೆನಪಿಗೆ ತರುತ್ತದೆ.

ಸೂಚನೆಯಿಲ್ಲದೆ ಬಂದ ಭಾರ

ಭಾರದ ಆಗಮನವು ಮೊದಲೇ ತಿಳಿಯದಿದ್ದರೆ ಈ ಮುನ್ನೆಚ್ಚರಿಕೆಗೆ ಅವಕಾಶವೇ ಇರುವುದಿಲ್ಲ. ಆಗ ಶರೀರವು ಎರಡನೆಯ ರಕ್ಷಣಾವ್ಯವಸ್ಥೆಯ ಮೊರೆ ಹೋಗುತ್ತದೆ. ಅದೇ ಪರಾವರ್ತಿತ ಕ್ರಿಯೆ. ಸ್ನಾಯುಗಳು ಹಠಾತ್ತನೆ ಹಿಗ್ಗಿದಾಗ ಅವುಗಳೊಳಗಿನ ಸಂವೇದಕ ತಂತುಗಳು ಆ ವಾರ್ತೆಯನ್ನು ಬೆನ್ನುಹುರಿಗೆ ಕಳುಹಿಸುತ್ತವೆ. ಮಿದುಳಿನ ಅಪ್ಪಣೆಗೆ ಕಾಯದೆಯೇ ಅಲ್ಲಿಂದ ಬಿಗಿಯುವ ಆಜ್ಞೆಯು ಹೊರಡುತ್ತದೆ. 2001ರಲ್ಲಿ ಆಸ್ಟ್ರೇಲಿಯ ಮತ್ತು ಸ್ವೀಡನ್ನಿನ ವಿಜ್ಞಾನಿಗಳು, ಚಲಿಸುತ್ತಿರುವ ಕೈಯ ಮೇಲಿನ ಭಾರವನ್ನು ಅನಿರೀಕ್ಷಿತವಾಗಿ ಬದಲಿಸಿದಾಗ ಮುಂಡದ ಸ್ನಾಯುಗಳೂ ಅತಿ ಶೀಘ್ರವಾಗಿ ಪ್ರತಿಕ್ರಿಯಿಸುವುದನ್ನು ದಾಖಲಿಸಿದರು. ಭಾರವು ಮುಟ್ಟಿದ್ದು ಕೈಯನ್ನು; ಉತ್ತರ ಕೊಟ್ಟದ್ದು ನಡುವಿನ ಸ್ನಾಯು.

ಆದರೆ ಎಷ್ಟೇ ಶೀಘ್ರವಾದರೂ ಈ ಉತ್ತರವು ಭಾರವು ಬಂದ ನಂತರದ್ದು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವು ಒಂದು ಮಿಲಿಸೆಕೆಂಡ್ ಆಗುತ್ತದೆ. ಪರಾವರ್ತಿತ ಕ್ರಿಯೆಗೆ ಹಲವು ಹತ್ತು ಮಿಲಿಸೆಕೆಂಡುಗಳು ಬೇಕು. ಸ್ನಾಯುವಿಗೆ ಆಜ್ಞೆ ತಲುಪಿದ ಮೇಲೂ ಅದು ಪೂರ್ಣ ಬಲವನ್ನು ಪಡೆಯಲು ಇನ್ನಷ್ಟು ಸಮಯ ಹಿಡಿಯುತ್ತದೆ. ಬೇಕೆಂದೇ ಯೋಚಿಸಿ ಪ್ರತಿಕ್ರಿಯಿಸಲು 150ರಿಂದ 200 ಮಿಲಿಸೆಕೆಂಡು ಅಥವಾ ಹೆಚ್ಚು ಬೇಕಾಗುತ್ತದೆ. ಈ 200 ಮಿಲಿಸೆಕೆಂಡುಗಳಲ್ಲಿ ಕೈಜಾರಿದ ವಸ್ತುವು ಸುಮಾರು 20 ಸೆಂಟಿಮೀಟರು ಕೆಳಗೆ ಬಿದ್ದಿರುತ್ತದೆ. ಅಂದರೆ ನಮಗೆ ಅರಿವಾಗುವ ಹೊತ್ತಿಗೆ ಬೆನ್ನಿನ ಮೇಲೆ ಆಗಬೇಕಾದದ್ದು ಬಹುಪಾಲು ಆಗಿಹೋಗಿರುತ್ತದೆ.

ತಡವಾದ ಸ್ನಾಯುಗಳು ಆ ತಡವನ್ನು ಅತಿಯಾದ ಬಲದಿಂದ ತುಂಬಿಕೊಳ್ಳಲು ಯತ್ನಿಸುವುದು ಇನ್ನೊಂದು ತೊಂದರೆ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುನ್ಸೂಚನೆ ದೊರೆತಾಗಿಗಿಂತ ದೊರೆಯದಿದ್ದಾಗ ಅಷ್ಟೇ ಭಾರಕ್ಕೆ ಮುಂಡದ ಸ್ನಾಯುಗಳು ಗಣನೀಯವಾಗಿ ಹೆಚ್ಚಿನ ಬಲವನ್ನು ಬಳಸಿದವು. ಮುಂದಿನ, ಹಿಂದಿನ, ಪಕ್ಕದ ಸ್ನಾಯುಗಳೆಲ್ಲವೂ ಒಮ್ಮೆಲೇ ಬಿಗಿದಾಗ ಅವುಗಳ ನಡುವೆ ಸಿಲುಕಿದ ಕಶೇರುಕಗಳು ಮತ್ತು ಡಿಸ್ಕುಗಳು ಅದುಮಲ್ಪಡುತ್ತವೆ. ಹೊರಗಿನ ಭಾರವು ಚಿಕ್ಕದಿದ್ದರೂ ಒಳಗಿನ ಬಿಗಿತವು ದೊಡ್ಡದಾಗಬಹುದು. ಹಗುರವಾದ ವಸ್ತುವೂ ಒಮ್ಮೊಮ್ಮೆ ನಡುವನ್ನು ಹಿಡಿಯುವಂತೆ ಮಾಡುವುದಕ್ಕೆ ಇದೊಂದು ವಿವರಣೆ.

ಇದಕ್ಕೆ ವ್ಯತಿರಿಕ್ತವಾಗಿ, ಸ್ವೀಡನ್ನಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹವನ್ನು ಎಳೆಯುವ ಭಾರವನ್ನು ಪರೀಕ್ಷೆಗೆ ಒಳಪಟ್ಟ ವ್ಯಕ್ತಿಯೇ ಬಿಟ್ಟಾಗ ಮುಂಡದ ಸ್ನಾಯುಗಳು ಎಳೆತಕ್ಕೆ ಮೊದಲೇ ಸಿದ್ಧವಾಗಿದ್ದವು. ಭಾರವೂ ಅದೇ, ವ್ಯಕ್ತಿಯೂ ಅವನೇ. ಬೇರೆಯಾದದ್ದು ಅರಿವು ಮಾತ್ರ.

ತಪ್ಪು ಅಂದಾಜು

ಭಾರವು ಬರುವುದಷ್ಟೇ ಅಲ್ಲ, ನಿರೀಕ್ಷಿಸಿದ ಭಾರವು ಇಲ್ಲದಿರುವುದೂ ಒಂದು ಆಘಾತವೇ. ಗೃಹಬಳಕೆಯ ಸಾಮಾನ್ಯ ಅನಿಲ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಖಾಲಿ ಸಿಲಿಂಡರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ತುಂಬಿದ್ದೆಂದು ಭಾವಿಸಿ ಖಾಲಿ ಸಿಲಿಂಡರನ್ನು ಎತ್ತಲು ಹೋದವನ ಸ್ನಾಯುಗಳು ಎರಡರಷ್ಟು ಭಾರಕ್ಕೆ ಸಿದ್ಧವಾಗಿರುತ್ತವೆ. ಸಿಲಿಂಡರು ಸರ್ರನೆ ಮೇಲೆದ್ದು, ದೇಹವು ಹಿಂದಕ್ಕೆ ತೂರಾಡುತ್ತದೆ. ಖಾಲಿಯೆಂದು ಭಾವಿಸಿ ತುಂಬಿದ್ದನ್ನು ಎತ್ತಿದಾಗ ಕೈ ಮೇಲೇರುವುದಿಲ್ಲ. ಜಗ್ಗಿದ ಬಲವು ಬೆನ್ನಿನ ಮೇಲೆಯೇ ಬೀಳುತ್ತದೆ. ಬಾವಿಯಿಂದ ನೀರು ಸೇದುವಾಗ ಹಗ್ಗವು ಹರಿದರೂ, ಇಬ್ಬರು ಹೊತ್ತ ಬೀರುವನ್ನು ಒಬ್ಬನು ಹೇಳದೆ ಕೈಬಿಟ್ಟರೂ ಆಗುವುದು ಇದೇ.

ನೋವುಂಡ ಬೆನ್ನಿನ ವಿಳಂಬ

ಮೇಲೆ ತಿಳಿಸಿದ 1996ರ ಅಧ್ಯಯನವು ಇನ್ನೊಂದು ಮುಖ್ಯ ಸಂಗತಿಯನ್ನೂ ಹೊರಗೆಡವಿತು. ಸೊಂಟನೋವಿನ ಇತಿಹಾಸವುಳ್ಳವರಲ್ಲಿ ಉದರದ ಅಡ್ಡಸ್ನಾಯುವು ಕೈಯ ಚಲನೆಗೆ ಮುಂಚಿತವಾಗಿ ಬಿಗಿಯುವ ಬದಲು ತಡವಾಗಿ ಬಿಗಿಯುತ್ತಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆದು ಹಿಡಿದ ಭಾರವನ್ನು ಹಠಾತ್ತನೆ ಬಿಟ್ಟಾಗ ಬೆನ್ನುನೋವಿರುವವರ ಸ್ನಾಯುಗಳು ಬಿಗಿ ಸಡಿಲಿಸಲು ಹೆಚ್ಚು ಕಾಲ ತೆಗೆದುಕೊಂಡವು.

ನೋವಿನಿಂದ ವಿಳಂಬವೇ, ವಿಳಂಬದಿಂದ ನೋವೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಇದಕ್ಕಾಗಿ ಯೇಲ್‌ನ ಸಂಶೋಧಕರು ಸುಮಾರು 300 ಮಂದಿ ಕಾಲೇಜು ಕ್ರೀಡಾಪಟುಗಳ ಪ್ರತಿಕ್ರಿಯೆಯನ್ನು ಮೊದಲೇ ಅಳೆದು, ಮುಂದೆ ಅವರಲ್ಲಿ ಯಾರ ಬೆನ್ನಿಗೆ ಪೆಟ್ಟಾಗುವುದೆಂಬುದನ್ನು ಗಮನಿಸಿದರು. ತಡವಾಗಿ ಪ್ರತಿಕ್ರಿಯಿಸುವ ಸ್ನಾಯುಗಳುಳ್ಳವರಿಗೆ ಬೆನ್ನಿನ ತೊಂದರೆಯ ಸಂಭವವು ಹೆಚ್ಚೆಂದು 2005ರಲ್ಲಿ ಪ್ರಕಟವಾದ ಫಲಿತಾಂಶವು ಸೂಚಿಸಿತು. ಹೀಗೆ ವಿಳಂಬವು ನೋವಿನ ಫಲ ಮಾತ್ರವಲ್ಲ, ಕೆಲವರಲ್ಲಿ ಅದರ ಮುನ್ಸೂಚನೆಯೂ ಹೌದು.

ದಣಿವು ಮತ್ತು ದೀರ್ಘಕಾಲದ ಬಾಗುವಿಕೆಗಳೂ ಇದರ ಜತೆಗೆ ಪರಿಗಣನೆಗೆ ಬರುತ್ತವೆ. ಬಹಳ ಹೊತ್ತು ಬಾಗಿ ಕುಳಿತಾಗ ಬೆನ್ನಿನ ಅಸ್ಥಿರಜ್ಜುಗಳು ಹಿಗ್ಗಿ ಸಡಿಲಗೊಳ್ಳುತ್ತವೆ. ಎದ್ದ ಕೂಡಲೇ ಅವು ಮೊದಲಿನ ಬಿಗಿಗೆ ಮರಳುವುದಿಲ್ಲ. ನೂರಾರು ಕಿಲೋಮೀಟರು ಲಾರಿ ಓಡಿಸಿ ಬಂದು ಇಳಿದೊಡನೆ ಸರಕನ್ನು ಇಳಿಸಲು ತೊಡಗುವವರೂ, ದಿನವಿಡೀ ಮೇಜಿನ ಮುಂದೆ ಕುಳಿತಿದ್ದು ಒಮ್ಮೆಲೇ ಕಡತಗಳ ಕಟ್ಟನ್ನು ಎತ್ತುವವರೂ ಇದನ್ನು ನೆನಪಿನಲ್ಲಿಡಬೇಕು.

ಅನುಸರಿಸಬೇಕಾದ ಕ್ರಮಗಳು

ಭಾರದ ಆಘಾತವನ್ನು ತಗ್ಗಿಸಲು ಎಲ್ಲರೂ ಅನುಸರಿಸಬಹುದಾದ ಕೆಲವು ಸರಳ ಕ್ರಮಗಳು ಹೀಗಿವೆ:

1. ಎತ್ತುವ ಮುನ್ನ ವಸ್ತುವನ್ನು ಸ್ವಲ್ಪ ಅಲುಗಾಡಿಸಿ ಅಥವಾ ಒಂದು ಮೂಲೆಯನ್ನು ಮೇಲೆತ್ತಿ ಅದರ ತೂಕವನ್ನು ಅಂದಾಜು ಮಾಡಬೇಕು.

2. ಭಾರವನ್ನು ದೇಹಕ್ಕೆ ಹತ್ತಿರ ಹಿಡಿಯಬೇಕು. ಪಾದಗಳ ನಡುವೆ ಅಂತರವಿರಲಿ; ನಿಂತ ನೆಲವು ಒದ್ದೆಯಾಗಿಲ್ಲದಿರಲಿ.

3. ಇಬ್ಬರು ಅಥವಾ ಹೆಚ್ಚು ಜನರು ಎತ್ತುವಾಗ ಒಬ್ಬರು ಎಣಿಕೆ ಹೇಳಬೇಕು. ಎತ್ತುವಾಗ ಮಾತ್ರವಲ್ಲದೆ ಇಳಿಸುವಾಗಲೂ ಹೇಳುವುದು ಅವಶ್ಯಕ.

4. ಮೂಟೆ, ಇಟ್ಟಿಗೆ, ಪೆಟ್ಟಿಗೆಗಳನ್ನು ಒಬ್ಬರಿಂದೊಬ್ಬರಿಗೆ ಎಸೆಯಬಾರದು. ಪಡೆಯುವವನು ಹಿಡಿದೆನೆಂದು ಹೇಳಿದ ಮೇಲೆಯೇ ಕೊಡುವವನು ಕೈಬಿಡಬೇಕು.

5. ಜಾರಿ ಬೀಳುತ್ತಿರುವ ಭಾರವಾದ ವಸ್ತುವನ್ನು ಬಾಗಿ ತಡೆಯಲು ಹೋಗದೆ ಪಕ್ಕಕ್ಕೆ ಸರಿಯುವುದೇ ಲೇಸು. ವಸ್ತುವು ಒಡೆದರೆ ಮತ್ತೊಂದನ್ನು ಕೊಳ್ಳಬಹುದು.

6. ದೀರ್ಘಕಾಲ ಕುಳಿತು ಎದ್ದವರು ಕೆಲವು ನಿಮಿಷ ನಡೆದಾಡಿ ನಂತರ ಭಾರದ ಕೆಲಸಕ್ಕೆ ತೊಡಗಬೇಕು.

ಭಾರವಾದ ಮರದ ದಿಮ್ಮಿಯನ್ನೋ ದೋಣಿಯನ್ನೋ ಒಟ್ಟಾಗಿ ಎಳೆಯುವ ನಮ್ಮ ಜನರು ‘ಐಸಾ’ ಎಂದು ಕೂಗು ಹಾಕುವುದನ್ನು ಎಲ್ಲರೂ ಕೇಳಿದ್ದಾರೆ. ಅದು ಕೇವಲ ಉತ್ಸಾಹದ ಕೂಗಲ್ಲ. ಮುಂದಿನ ಎಳೆತವು ಯಾವ ಗಳಿಗೆಯಲ್ಲಿ ಬರಲಿದೆ ಎಂಬುದನ್ನು ಪ್ರತಿಯೊಬ್ಬನ ಬೆನ್ನಿಗೂ ಮೊದಲೇ ತಿಳಿಸುವ ಮುನ್ಸೂಚನೆಯೂ ಅದರಲ್ಲಿದೆ. ಪ್ರಯೋಗಶಾಲೆಯು ಮಿಲಿಸೆಕೆಂಡುಗಳಲ್ಲಿ ಅಳೆದದ್ದನ್ನು ದುಡಿಯುವ ಜನರು ಅನುಭವದಿಂದ ಅರಿತಿದ್ದರು.

ಸೊಂಟದ ಪಟ್ಟಿ ಬಿಗಿದುಕೊಂಡರೆ ಸಾಕೆಂಬ ಭಾವನೆಯು ಸರಿಯಲ್ಲ. ಅಂಗಡಿಗಳಲ್ಲಿ ಸರಕು ಸಾಗಿಸುವ ನೌಕರರನ್ನು ಕುರಿತು ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನದಲ್ಲಿ, ಪಟ್ಟಿ ಧರಿಸುವುದರಿಂದ ಬೆನ್ನಿನ ತೊಂದರೆಗಳು ಕಡಿಮೆಯಾದದ್ದು ಕಂಡುಬರಲಿಲ್ಲ. ಯಾವುದೋ ಒಂದು ಸ್ನಾಯುವನ್ನು ಮಾತ್ರ ಪಳಗಿಸುವ ವ್ಯಾಯಾಮವು ಇತರ ವ್ಯಾಯಾಮಗಳಿಗಿಂತ ಮೇಲೆಂಬುದೂ ಸ್ಥಿರಪಟ್ಟಿಲ್ಲ. ತಮಗೆ ಹೊಂದುವ ವ್ಯಾಯಾಮವನ್ನು ನಿಯಮಿತವಾಗಿ ಮಾಡುತ್ತ ಚಟುವಟಿಕೆಯಿಂದಿರುವುದು ಉತ್ತಮ. ಬೆನ್ನುನೋವಿನೊಡನೆ ಕಾಲುಗಳಲ್ಲಿ ಬಲಹೀನತೆ, ತೊಡೆಗಳ ನಡುವೆ ಜೋಮು, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಂಡರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ಕೆಲಸ ಕೊಡುವವರ ಹೊಣೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಅಂಗೀಕರಿಸಿದ 127ನೆಯ ಒಡಂಬಡಿಕೆಯು, ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ಧಕ್ಕೆ ತರುವಷ್ಟು ಭಾರವನ್ನು ಯಾವ ಕೆಲಸಗಾರನಿಂದಲೂ ಹೊರಿಸಕೂಡದೆಂದು ಹೇಳುತ್ತದೆ. ವಯಸ್ಕ ಪುರುಷನೊಬ್ಬನು ಹೊರುವ ಗರಿಷ್ಠ ಭಾರದ ಮಿತಿಯು 55 ಕಿಲೋಗ್ರಾಂಗಿಂತ ಹೆಚ್ಚಿರುವೆಡೆಗಳಲ್ಲಿ ಅದನ್ನು ಆದಷ್ಟು ಬೇಗ ಇಳಿಸಬೇಕೆಂದು ಅದೇ ವರ್ಷದ ಶಿಫಾರಸು ತಿಳಿಸಿತು. ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ 34ನೆಯ ಪ್ರಕರಣವು ಗಾಯವನ್ನುಂಟುಮಾಡುವ ಸಂಭವವಿರುವಷ್ಟು ಭಾರವನ್ನು ಎತ್ತಿಸುವುದನ್ನು ನಿಷೇಧಿಸಿತ್ತು.

ಈ ಮಿತಿಗಳೆಲ್ಲವೂ ತೂಕವನ್ನು ಕುರಿತವು. ಆಕಸ್ಮಿಕತೆಯನ್ನು ತೂಗುವ ತಕ್ಕಡಿ ಕಾನೂನಿನಲ್ಲಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಕೆಲಸದ ಸ್ಥಳದಲ್ಲಿರುವವರೇ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತೂಕವನ್ನು ಬರೆಯುವುದು, ಖಾಲಿ ಮತ್ತು ತುಂಬಿದ ಡಬ್ಬಿಗಳನ್ನು ಬೇರೆ ಬೇರೆಯಾಗಿ ಜೋಡಿಸುವುದು, ನೆಲವನ್ನು ಒಣಗಿಸಿಡುವುದು, ಸವೆದ ಹಿಡಿಕೆ ಹಾಗೂ ಹಗ್ಗಗಳನ್ನು ಬದಲಿಸುವುದು, ಸರಕು ಇಳಿಸುವಾಗ ಅವಸರಪಡಿಸದಿರುವುದು ಇವು ಹೆಚ್ಚು ಖರ್ಚಿನ ಕೆಲಸಗಳಲ್ಲ. ಆಸ್ಪತ್ರೆಗಳಲ್ಲಿ ರೋಗಿಯನ್ನು ಹಾಸಿಗೆಯಿಂದ ಎತ್ತುವ ದಾದಿಯರಿಗೂ, ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರಿಗೂ ಇದು ಸಲ್ಲುತ್ತದೆ. ಏಳುವ ಮುನ್ನ ರೋಗಿಗೆ ‘ಈಗ ಏಳೋಣ’ ಎಂದು ಹೇಳಿದರೆ ಎತ್ತುವವರ ಬೆನ್ನೂ ಏಳುವವರ ದೇಹವೂ ಒಟ್ಟಿಗೆ ಸಿದ್ಧವಾಗುತ್ತವೆ.

ಬಲಿಷ್ಠವಾದ ಬೆನ್ನು ಎಲ್ಲರಿಗೂ ದೊರೆಯದು. ವಯಸ್ಸು, ಆಹಾರ, ದಣಿವು ಎಲ್ಲವೂ ಅದರ ಬಲವನ್ನು ನಿರ್ಧರಿಸುತ್ತವೆ. ಆದರೆ ಮುನ್ಸೂಚನೆಯನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ನೀಡಬಹುದು. ಭಾರವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಮುನ್ನ ಆಡುವ ಒಂದು ಮಾತು, ಆ ವ್ಯಕ್ತಿಯ ನಡುವಿನ ಸ್ನಾಯುಗಳಿಗೆ ಬೇಕಾದ ಅತ್ಯಲ್ಪ ಕಾಲಾವಕಾಶವನ್ನು ಒದಗಿಸುತ್ತದೆ.